ಒಂದು ಕಣ್ಣು ಮುಚ್ಚಿ ಅಳೆದ ಮನೆ

ಹೊಸದಾಗಿ ಚಿತ್ರ ಕಲಿಯುವವರನ್ನು ಹುರಿದುಂಬಿಸುವ ಜನರ ಮೇಲೆ ನನಗೆ ಸಿಟ್ಟಿದೆ. ಪತ್ರಿಕೆಯ ವರದಿಗಾರ ನಾನು. ಸಿಟ್ಟನ್ನು ಸುದ್ದಿಯಲ್ಲಿ ಬರೆಯುವಂತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. 'ಯಾರು ಬೇಕಾದರೂ ಬಿಡಿಸಬಹುದು, ಅಂಜಬೇಡಿ' ಎನ್ನುತ್ತಾರೆ ಇವರು. ಬಿಡಿಸಿದ್ದನ್ನು ತೋರಿಸಲು ಹೋದರೆ ಒಬ್ಬರಿಗೂ ಪುರಸೊತ್ತಿಲ್ಲ. ನನ್ನ ಹೆಂಡತಿ ಬಂಗಡೆ ಮೀನು ಹೆಚ್ಚುತ್ತ, ಕತ್ತೆತ್ತದೆ, "ಚಲೋ ಬಂದದೆ" ಎಂದಳು. ಹಾಳೆಯನ್ನು ನಾನಿನ್ನೂ ಚೀಲದಿಂದ ತೆಗೆದೇ ಇರಲಿಲ್ಲ.

ಈ ಹುಚ್ಚು ಹತ್ತಿಸಿದವರು ಕಾರವಾರದ ನಮ್ಮ ಓಣಿಯ ಡ್ರಾಯಿಂಗ್ ಮಾಸ್ತರು. ಪೆನ್ಸಿಲನ್ನು ಕೈಚಾಚಿ ಹಿಡಿ, ಒಂದು ಕಣ್ಣು ಮುಚ್ಚು, ಹೆಬ್ಬೆರಳು ಜಾರಿಸಿ ಎದುರಿಗಿದ್ದುದರ ಎತ್ತರ ಅಳೆ, ಆಮೇಲೆ ಗೆರೆ ಎಳೆ. ಇದು ಅವರ ಪಾಠ. "ಮನೆಯೊಳಗೆ ಕೂತು ತಂಬಿಗೆ ಬಿಡಿಸಿದ್ದು ಸಾಕು ಮಾರಾಯಾ. ಹೊರಗೆ ಹೋಗು. ಜನ ನೋಡಲಿ, ಧೈರ್ಯ ಬರ್ತದೆ" ಎಂದರು.

ಒಂದು ಭಾನುವಾರ ಊರ ಪಕ್ಕದ ಮೀನುಗಾರರ ಕೇರಿ ಬೈತಖೋಲಕ್ಕೆ ಹೋದೆ. ಹೆದ್ದಾರಿ ಅಗಲವಾಗುತ್ತದೆ, ಅಂಚಿನ ಮನೆಗಳು ಹೋಗುತ್ತವೆ ಎಂಬ ಮಾತು ಅಂಕೋಲೆಯವರೆಗೂ ಓಡಾಡುತ್ತಿದ್ದ ಕಾಲ. ಆ ಸುದ್ದಿಯನ್ನು ನಾನೂ ಬರೆದಿದ್ದೆ, ಬರೆದವನಿಗೇ ನೆನಪಿರಲಿಲ್ಲ. ಚಂದದ ಹಂಚಿನ ಮನೆಯೊಂದರ ಎದುರು ಕೂತೆ, ಕೈಚಾಚಿದೆ, ಕಣ್ಣು ಮುಚ್ಚಿದೆ.

"ಏಯ್! ಎಂತ ಅಳತಿ ಅದು?"

ಅಂಗಳದಲ್ಲಿ ಮೀನು ಒಣಹಾಕುತ್ತಿದ್ದ ಮನೆಯೊಡತಿ ಶೇವಂತಿಬಾಯಿ ಬುಟ್ಟಿ ಕುಕ್ಕಿ ಎದ್ದು ಬಂದರು.

"ಅಳತೆ ಅಲ್ಲ ಬಾಯಿ, ಚಿತ್ರ ಕಲೀತಾ ಇದ್ದೇನೆ."

"ಹೋದ ಸಲ ಬಂದವ್ರೂ ಸುಮ್ನೆ ನೋಡೂಕೆ ಬಂದದ್ದು ಅಂದ್ರು. ಅವ್ರು ನೋಡಿ ಹೋದ ಮೇಲೆ ನಮ್ಮ ಅಕ್ಕನ ಮನೆ ಗೋಡೆಗೆ ಕೆಂಪು ಗುರುತು ಬಿತ್ತು! ಈ ಮನೆ ಕಟ್ಟೂಕೆ ನಾ ತಲೆ ಮೇಲೆ ಎಷ್ಟು ಬುಟ್ಟಿ ಮೀನು ಹೊತ್ತೆ, ಗೊತ್ತುಂಟಾ? ಅದನ್ನೂ ಅಳೀರಿ!"

ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ಪೆನ್ಸಿಲ್ ಹಿಡಿದವನನ್ನು ಕಂಡರೆ ಮನೆ ಹೋಯಿತೆಂದೇ ಅಂದುಕೊಳ್ಳಬೇಕಾದ ಸ್ಥಿತಿ. ಜನರನ್ನು ಆ ಸ್ಥಿತಿಯಲ್ಲಿ ಇಟ್ಟವರ ಮೇಲೆ ನನಗೂ ಸಿಟ್ಟು ಏರಿತು. ಮಾಸ್ತರ ಮೇಲಿನದು ಅದರ ಮುಂದೆ ಚಿಲ್ಲರೆ.

ಶೇವಂತಿಬಾಯಿ ಹಾಳೆ ಕಿತ್ತುಕೊಂಡರು. ನೋಡಿದರು. ಮನೆ ನೋಡಿದರು. ಹಾಳೆಯನ್ನು ತಿರುಗಿಸಿ ಮತ್ತೆ ನೋಡಿದರು. ನನ್ನ ಚಿತ್ರವೊಂದನ್ನು ಯಾರಾದರೂ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

"ಇದು ನನ್ನ ಮನೆನಾ?"

"ಹೌದು."

"ಬಾಗಿಲು ಹಂಚಿನ ಮಾಡಿಗಿಂತ ಮೇಲೆ ಹೋಗಿದೆಯಲ್ಲ! ಗೋಡೆ ನೋಡಿದ್ರೆ ಕಳ್ಳು ಕುಡಿದವ್ರ ಹಂಗೆ!" ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕರು. ಆಮೇಲೆ ಪಕ್ಕದ ಮನೆಗೆ ಕೇಳುವಂತೆ ಕೂಗಿದರು: "ಹೆದರಬೇಡ್ರೇ, ಇವ್ರು ಸರಕಾರದವ್ರಲ್ಲ! ಇಂಥವ್ರನ್ನ ಸರಕಾರನೂ ಇಟ್ಕೊಳ್ಳೂದಿಲ್ಲ!"

ಹಾಳೆ ಹಿಂದಕ್ಕೆ ಕೊಡುತ್ತ ಹೇಳಿದರು: "ಮತ್ತೆ ಬನ್ನಿ, ದಿನಾ ಬೇಕಾದ್ರೂ ಬಿಡಿಸಿ. ಸರೀ ಬಿಡಿಸೂಕೆ ಮಾತ್ರ ಕಲೀಬೇಡಿ."

ನನ್ನ ಚಿತ್ರವನ್ನು ನೋಡಿ ಕೊಟ್ಟ ಪ್ರೋತ್ಸಾಹ ಈವರೆಗೆ ಅದೊಂದೇ. "ಗೋಡೆ ಇನ್ನೂ ವಾಲ್ತದಲ್ಲೋ!" ಎಂದು ಮಾಸ್ತರು ಈಗಲೂ ಬೈಯುತ್ತಾರೆ. ಶೇವಂತಿಬಾಯಿಗೆ ಮಾತು ಕೊಟ್ಟಿದ್ದೇನೆ ಎನ್ನುತ್ತೇನೆ. ಕೊಡದಿದ್ದರೂ ಅದು ವಾಲುತ್ತಿತ್ತು ಎಂಬುದನ್ನು ಮಾತ್ರ ನಾನು ಎಲ್ಲಿಯೂ ವರದಿ ಮಾಡಿಲ್ಲ.