ಸ್ಕೂಟರ್ ಎಂಜಿನ್ನಿನ ಸಾಣೆ

ನನ್ನ ಸೋದರಮಾವನ ಹತ್ತಿರ ಲಾರಿ, ಜೀಪು, ಸ್ಕೂಟರ್ ಎಲ್ಲವೂ ಇವೆ. ಆದರೂ ಯಡ್ತರೆಯಿಂದ ಕುಂದಾಪುರಕ್ಕೆ ಹೋಗಬೇಕಾದರೆ ಬಸ್ಸಿಗೇ ಕಾಯುತ್ತಾರೆ! ಯಾಕೆ ಅಂತೀರಾ? ಲಾರಿಯ ಸ್ಪ್ರಿಂಗ್ ಪಟ್ಟಿ ಕಬ್ಬಿಣ ಬಗ್ಗಿಸುವ ಪ್ರೆಸ್ಸಾಗಿದೆ, ಜೀಪಿನ ಗೇರ್‌ಬಾಕ್ಸು ಲೇತ್ ಯಂತ್ರವಾಗಿದೆ, ಸ್ಕೂಟರಿನ ಎಂಜಿನ್ನು ಕತ್ತಿ ಮಸೆಯುವ ಸಾಣೆಯಾಗಿದೆ. ಗುಜರಿಯಲ್ಲಿ ಸತ್ತುಬಿದ್ದ ವಾಹನ ಕಂಡರೆ ಇವರಿಗೆ ಅದರ ಪುನರ್ಜನ್ಮದ ಯೋಚನೆ. ನನಗೆ ಪುನರ್ಜನ್ಮದಲ್ಲಿ ನಂಬಿಕೆಯಿಲ್ಲ. ಆ ಸಾಣೆಯನ್ನು ನೋಡಿದ ಮೇಲಂತೂ ಅದು ಬೇಡವೇ ಬೇಡ ಅನಿಸಿದೆ.

ಸಾಣೆಗೆ ಕಿಕ್ ಹೊಡೆಯಬೇಕು. ಕತ್ತಿಗೆ ಮೊದಲನೇ ಗೇರು, ಕೊಡಲಿಗೆ ಎರಡನೆಯದು. ಸೈಲೆನ್ಸರ್ ಇಲ್ಲ! ಒಮ್ಮೆ ಮೀನು ಮಾರುವ ಹೆಂಗಸೊಬ್ಬರು ಕತ್ತಿ ಕೊಟ್ಟು, ಕಿವಿ ಮುಚ್ಚಿಕೊಂಡು ಕೂಗಿದರು: "ಹ್ವಾಯ್, ಹಿಂದ್ ಕೂಕಂಡ್ರೆ ಮಾರ್ಕೆಟಿಗ್ ಬಿಡ್ತ್ರಿಯಾ?"

"ಬ್ರೇಕ್ ಇಲ್ಲೆ ಮಾರಾಯ್ತಿ!" ಅಂದರು ಮಾವ.

ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ರಸ್ತೆಯಾಚೆಗೂ ಕೇಳುವಂತೆ ಮಾತಾಡುತ್ತಿದ್ದವರು ಮಂಚ ಹಿಡಿದು ಮೂಕರಾದರು. ಮಾತಾಡಿಸುತ್ತಲೇ ಇರಿ, ಬಿಟ್ಟರೆ ಮಾತು ಮರಳುವುದು ಕಷ್ಟ ಎಂದರು ಡಾಕ್ಟರು. ಮಾವನಿಗೆ ಹೆಂಡತಿಯೊಡನೆ ಮಾತಾಡಿ ಅಭ್ಯಾಸವೆಲ್ಲಿ? ಮದುವೆಯಾದಂದಿನಿಂದ ಅತ್ತೆ ಬೈಯುವುದು, ಇವರು ಸ್ಪ್ಯಾನರ್ ಹುಡುಕುವುದು, ಅಷ್ಟೇ ಅವರ ಸಂಭಾಷಣೆ.

ನಾನು ಅತ್ತೆಯನ್ನು ನೋಡಲು ಹೋದ ದಿನ, ಮನೆಗೆ ತಾಗಿದ ಶೆಡ್ಡಿನಲ್ಲಿ ಸಾಣೆ ಮಾತ್ರ ಬಿಟ್ಟು ಬಿಟ್ಟು ಕಿರುಚುತ್ತಿತ್ತು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದವನು ನಾನು, ಸುಮ್ಮನಿರುತ್ತೇನೆಯೇ?

"ಮಾವಾ, ಒಳಗ್ ಅತ್ತೆ ಮಲ್ಕಂಡಿರ್. ಮಸೆಯುಕೆ ಒಂದ್ ಕತ್ತಿಯೂ ಇಲ್ಲೆ. ಈ ಶಬ್ದ ಯಾರಿಗ್ ಬೇಕ್?"

"ಅವ್ಳಿಗ್ ಬೇಕ್."

"ಅತ್ತೆಗಾ?!"

"ಮೊನ್ನೆ ಇದನ್ ಸ್ಟಾರ್ಟ್ ಮಾಡ್ದಾಗ 'ಸಾಯ್ಲಿ' ಅಂದ್ಳ್ ಮಾರಾಯಾ! ಇಷ್ಟ್ ತಿಂಗ್ಳಲ್ಲ್ ಅದೊಂದೇ ಮಾತ್. ನಾನ್ ಮಾತಾಡ್ರೆ ಅವ್ಳಿಗ್ ಸಿಟ್ಟೂ ಬತ್ತಿಲ್ಲೆ."

ಖಂಡಿಸಲು ನನ್ನಲ್ಲಿ ಅಂಶಗಳಿದ್ದವು. ಒಂದು ಶಬ್ದ ಪುರಾವೆಯಾಗುವುದಿಲ್ಲ. ನರಳಿದ್ದು ಹಾಗೆ ಕೇಳಿಸಿರಬಹುದು. ಅಷ್ಟರಲ್ಲಿ ಮಾವ ಮತ್ತೆ ಕಿಕ್ ಹೊಡೆದರು. ಗೇರು ಏರಿಸಿದರು. ಮಾಡಿನ ಹೆಂಚು ನಡುಗಿತು. ಒಳಗಿನಿಂದ ಏನೂ ಬರಲಿಲ್ಲ. ಮತ್ತೂ ಏರಿಸಿದರು. ಮಸೆಯಲು ಏನೂ ಇಲ್ಲದ ಕಲ್ಲು ಸುಮ್ಮನೆ ಸುತ್ತುತ್ತಿತ್ತು. ಮಾವ ಅದನ್ನು ನೋಡುತ್ತಿರಲಿಲ್ಲ, ಒಳಬಾಗಿಲನ್ನೇ ನೋಡುತ್ತಿದ್ದರು.

ತಟ್ಟನೆ ಎಂಜಿನ್ ನಿಲ್ಲಿಸಿ, ಗ್ರೀಸು ಹತ್ತಿದ ಕೈ ಎತ್ತಿದರು.

"ಬೈದ್ಳ್ ಅಲ್ದಾ? ನಿಂಗೂ ಕೇಂತ್ ಅಲ್ದಾ?"

ನನಗೆ ಏನೂ ಕೇಳಿಸಿರಲಿಲ್ಲ.

"ಕೇಂತ್ ಮಾವಾ," ಅಂದೆ. "ಸಮಾ ಬೈದ್ರ್."