ಪತ್ತೇದಾರಿ ಮಿಂಚು ಅವರಿಗೆ ಹಿರೇಕೆರೂರಿನ ಇಡ್ಲಿ ಹೋಟೆಲಿನವನ ಅಹವಾಲು

ಮಾನ್ಯ ಪತ್ತೇದಾರಿ ಕುಮಾರಿ ಮಿಂಚು ಅವರೇ,

ಹಿತ್ತಾಳೆಯ ಕನ್ನಡಕ, ಹಲ್ಲುಚಕ್ರ ಹಚ್ಚಿದ ಟೊಪ್ಪಿಗೆ, ಸೀಟಿ ಹೊಡೆಯುತ್ತ ಆಕಾಶದಲ್ಲಿ ಓಡುವ ಉಗಿಬಂಡಿ, ಇಷ್ಟೆಲ್ಲ ವೈಭವದೊಂದಿಗೆ ಪ್ರತಿ ರವಿವಾರ ಮಧ್ಯಾಹ್ನ ನಮ್ಮ ಮನೆಯ ಟಿವಿಯ ಕಾರ್ಟೂನಿನಲ್ಲಿ ದಯಮಾಡಿಸುವ ತಮಗೆ, ಹಿರೇಕೆರೂರು ಬಸ್‌ಸ್ಟ್ಯಾಂಡಿನ ಎದುರು ಇಡ್ಲಿ ಹೋಟೆಲ್ ನಡೆಸುವ ಕರಿಬಸಪ್ಪನ ಸಾಷ್ಟಾಂಗ ನಮಸ್ಕಾರಗಳು. ಹೊಟ್ಟೆ ಅಡ್ಡ ಬಂದದ್ದರಿಂದ ಎಂಟು ಅಂಗಗಳಲ್ಲಿ ಕೆಲವು ನೆಲ ಮುಟ್ಟಿಲ್ಲ, ಕ್ಷಮಿಸಬೇಕು. ಹನ್ನೆರಡರ ಹರೆಯದಲ್ಲೇ ತಾವು ಇಡೀ ನಗರವನ್ನು ದುಷ್ಟರಿಂದ ಕಾಯುತ್ತಿರುವುದು ದೊಡ್ಡ ಮಾತು. ಆ ವಯಸ್ಸಿನಲ್ಲಿ ನನ್ನನ್ನು ನಂಬಿ ಯಾರೂ ಒಂದು ಎಮ್ಮೆಯನ್ನೂ ಬಿಟ್ಟಿರಲಿಲ್ಲ.

ನನ್ನ ದೂರು ತಮ್ಮ ವೈರಿ ಉಗಿರಾಯನ ಕುರಿತಾದದ್ದು. ಅವನಿಗೆ ದೊಡ್ಡ ಹೊಟ್ಟೆ, ಪೊದೆಮೀಸೆ, ಹೆಗಲ ಮೇಲೊಂದು ಟವೆಲ್ಲು. ಸದಾ ಬುಸುಗುಡುವ ಬಾಯ್ಲರುಗಳ ನಡುವೆ ಬೆವರುತ್ತ ನಿಂತಿರುತ್ತಾನೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ನಾನು ಕಾಣುವುದೂ ಥೇಟ್ ಹಾಗೆಯೇ. ಸಾಲದ್ದಕ್ಕೆ ತಾವು, ತಮ್ಮ ಪೊಲೀಸರು, ತಮ್ಮ ಕಬ್ಬಿಣದ ನಾಯಿ ಕೂಡ ಅಚ್ಚುಕಟ್ಟಾದ ಬೆಂಗಳೂರು ಕನ್ನಡ ಆಡುವಾಗ, ಅವನೊಬ್ಬನ ಬಾಯಿಗೆ ಮಾತ್ರ ನಮ್ಮ ಸೀಮೆಯ ಮಾತು ಹಾಕಿದ್ದೀರಿ. ಮೊದಲ ಸಲ ತಮ್ಮನ್ನು ಸರಪಳಿಯಿಂದ ಕಟ್ಟಿ, “ಬಾರವ್ವ, ಕುಂಡ್ರು, ಚಾ ಕುಡಿ, ಆಮ್ಯಾಲೆ ನಿನ್ನ ಮುಗಸ್ತೇನಿ” ಎಂದು ಅವನು ಅಂದಾಗ, ಟಿವಿಯೊಳಗೆ ನಮ್ಮವನೊಬ್ಬ ಬಂದನಲ್ಲ ಎಂಬ ಹಿಗ್ಗಿನಲ್ಲಿ ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಕೊಲ್ಲುವ ಮೊದಲು ಚಾ ಕೊಡುವ ಸಂಸ್ಕಾರ ಬೇರೆ ಯಾವ ಸೀಮೆಯ ಖಳನಾಯಕನಿಗಿದೆ?

ಆ ಚಪ್ಪಾಳೆಯೇ ನನಗೆ ಮುಳುವಾಯಿತು. ಮೂರನೇ ಇಯತ್ತೆಯಲ್ಲಿ ಓದುವ ನನ್ನ ಮಗಳು ವಾಣಿಶ್ರೀ ಅಂದೇ ನನ್ನ ಮೇಲೆ ಕಣ್ಣಿಟ್ಟಳು. ಅವ್ವನ ಎರಡು ಬಳೆ ಕಟ್ಟಿ ಕನ್ನಡಕ ಮಾಡಿಕೊಂಡು ಹೋಟೆಲಿಗೆ ಬಂದವಳು, ತುಂಬಿದ ಗಿರಾಕಿಗಳ ನಡುವೆ ತಮ್ಮದೇ ಧಾಟಿಯಲ್ಲಿ, “ನಿಜ ಹೇಳಿ, ಈ ಚಟ್ನಿಯಲ್ಲಿ ಕಾಯಿ ಎಲ್ಲಿದೆ?” ಎಂದು ವಿಚಾರಣೆ ನಡೆಸಿದಳು. ಹಾವೇರಿ ಬಸ್ಸಿನ ಡ್ರೈವರ್ ದಾದಾಪೀರ ಇಡ್ಲಿ ನುಂಗುತ್ತ, “ಇಷ್ಟ ದಿನ ನಾವೂ ಅದನ್ನ ಹುಡಕಾಕತ್ತೇವ್ರಿ” ಎಂದ. ಕಾಯಿಯ ಬದಲು ನಾನು ಹುರಿಗಡಲೆ ಪುಟಾಣಿ ರುಬ್ಬುತ್ತಿದ್ದ ಗುಟ್ಟು ರಟ್ಟಾಯಿತು.

ಚಟ್ನಿಯ ಮಾನ ಹೋಗಲಿ, ಅದಕ್ಕೆ ಇದ್ದದ್ದೇ ಅಷ್ಟು. ಆದರೆ “ಅಪ್ಪಾ, ನೀ ಉಂಡೀ?” ಎಂದು ಹೆಗಲೇರುತ್ತಿದ್ದ ಕೂಸು ನನ್ನನ್ನು ‘ನೀವು’ ಎಂದು ದೂರ ನಿಲ್ಲತೊಡಗಿದ್ದು ನನಗೆ ತಡೆಯಲಾಗಲಿಲ್ಲ. ಹೆಂಡತಿ ಸರೋಜವ್ವ, “ಮೀಸಿ ತಗೀರಿ, ಹೊಟ್ಟಿ ತಗಿಯೂದಂತೂ ನಿಮ್ಮ ಕೈಲೆ ಆಗೂದಿಲ್ಲ” ಎಂದು ಸಲಹೆ ಕೊಟ್ಟಳು. ಇಪ್ಪತ್ತು ವರ್ಷ ಸಾಕಿದ ಮೀಸೆಯನ್ನು ಬೋಳಿಸಿ ಬಂದೆ. ಮಗಳು ನೋಡಿ, “ಅಪರಾಧಿ ವೇಷ ಬದಲಿಸಿದ್ದಾನೆ” ಎಂದು ಗೋಡೆಗೆ ಸೀಮೆಸುಣ್ಣದಿಂದ ಬರೆದಳು.

ಹೋದ ರವಿವಾರ ತಾವು ಉಗಿರಾಯನನ್ನು ಕೊನೆಗೂ ಹಿಡಿದು ನೆಲಮಾಳಿಗೆಯ ಜೈಲಿಗೆ ತಳ್ಳಿದಿರಿ. ಬಾಗಿಲು ಮುಚ್ಚುವಾಗ ಅವನು ತಿರುಗಿ, “ತಂಗಿ, ಒಳಗ ಚಾ ಸಿಗತೈತೇನು?” ಎಂದು ಕೇಳಿದ. ಪೀಡೆ ತೊಲಗಿತೆಂದು ನಾನು ಉಸಿರು ಬಿಡುವಷ್ಟರಲ್ಲಿ, ಬಳೆಯ ಕನ್ನಡಕ ಕಿತ್ತೆಸೆದು ವಾಣಿಶ್ರೀ ಬಿಕ್ಕಿಬಿಕ್ಕಿ ಅಳುತ್ತಿದ್ದಳು. “ಅಪ್ಪಾ, ಅವನ್ನ ಬಿಡಸು. ಅವ ನಿನ್ನಂಗ ಮಾತಾಡ್ತಾನ” ಎಂದು ನನ್ನ ಕೊರಳಿಗೆ ಬಿದ್ದಳು. ಇಷ್ಟು ದಿನದ ಮೇಲೆ ಸಿಕ್ಕ ಆ ‘ಬಿಡಸು’ ಎಂಬ ಏಕವಚನಕ್ಕೆ ನಾನೂ ಅತ್ತೆ.

ಆದ್ದರಿಂದ ನನ್ನ ದೂರನ್ನು ಹಿಂದೆ ಪಡೆದು ಬೇಡಿಕೊಳ್ಳುವುದೇನೆಂದರೆ, ಸದರಿ ಉಗಿರಾಯನನ್ನು ಬರುವ ರವಿವಾರದೊಳಗೆ ಬಿಡಬೇಕು. ಜಾಮೀನಿಗೆ ನಾನಿದ್ದೇನೆ. ಅವನು ಗೆಲ್ಲುವುದು ಬೇಡ. ಸೋಲುವ ಮುಂಚೆ ಕೂತು ಒಂದು ಕಪ್ ಚಾ ಕುಡಿಯಲಿ, ಅಷ್ಟೇ. ಮುಂದೆ ಅವನಿಗೆ ಎಲ್ಲೂ ಕೆಲಸ ಸಿಗದಿದ್ದರೆ ಇಲ್ಲಿಗೆ ಕಳಿಸಿ, ಹಬೆಯ ಮುಂದೆ ನಿಲ್ಲುವ ಆಳು ನನಗೂ ಬೇಕಾಗಿದ್ದಾನೆ.

ತಮ್ಮ ವಿಶ್ವಾಸಿ, ಮೀಸೆಯನ್ನು ಮತ್ತೆ ಬಿಡುತ್ತಿರುವ
ಕರಿಬಸಪ್ಪ

ತಾ.ಕ.: ಮುಂದಿನ ಖಳನಾಯಕನಿಗೆ ತಮ್ಮ ಅಚ್ಚುಕಟ್ಟಾದ ಕನ್ನಡವನ್ನೇ ಕೊಟ್ಟು ನೋಡಿ. ನಮ್ಮೂರಲ್ಲಿ ಯಾರೂ ಹೆದರುವುದಿಲ್ಲ. ಬ್ಯಾಂಕಿನ ಹೊಸ ಸಾಹೇಬರು ಬಂದರೆಂದು ಎದ್ದು ನಿಂತು, ಕುರ್ಚಿ ಒರೆಸಿ ಕೊಡುತ್ತೇವೆ.