ಹಂಡ್ಯಾನ ಕಾಲಿನ ಉಳುಕು

ಹಿಂಗಾರಿ ಮಳೆ ನಿಂತು ಮೂರು ದಿನವಾಗಿತ್ತು. ಯರಗುಪ್ಪಿಯ ಎರೆ ಹೊಲಗಳು ಕಾಲಿಗೆ ಅಂಟದಷ್ಟು ಆರಿ ಕಡಲೆ ಬಿತ್ತುವ ಹದಕ್ಕೆ ಬಂದಿದ್ದವು. ಆ ಹದ ಉಳಿಯುವುದು ಇನ್ನು ನಾಲ್ಕೇ ದಿನ. ಶಂಕ್ರಪ್ಪನಿಗೂ ಕಾಸೀಮಸಾಬನಿಗೂ ಇದ್ದದ್ದು ಒಂದೊಂದೇ ಎತ್ತು; ಶಂಕ್ರಪ್ಪನದರ ಹೆಸರು ಹಂಡ್ಯಾ. ಅದಕ್ಕೆ ಪ್ರತಿವರ್ಷ ಮುಯ್ಯಿ: ಎರಡೂ ಎತ್ತು ಕೂಡಿಸಿ ಒಂದು ದಿನ ಇವನ ಹೊಲ, ಮರುದಿನ ಅವನದು. ನಿನ್ನೆ ಶಂಕ್ರಪ್ಪನ ಮೂರು ಎಕರೆ ಮುಗಿದಿತ್ತು, ಎರಡು ಉಳಿದಿತ್ತು. ಇಂದು ಕಾಸೀಮಸಾಬನ ಸರದಿ.

ಆದರೆ ಪಕ್ಕದೂರು ಸಂಶಿಯಲ್ಲಿ ಎರಡು ದಿನದ ಕುಸ್ತಿ ಇಂದೇ ಶುರು. ಶಂಕ್ರಪ್ಪನಿಗೆ ಕುಸ್ತಿಯೆಂದರೆ ಜೀವ. ಮುಯ್ಯಿ ಒಂದು ದಿನ ಮುಂದೆ ಹೋದರೆ ಏನಾದೀತು ಎಂದುಕೊಂಡ.

ನಸುಕಿನಲ್ಲಿ ಕಾಸೀಮಸಾಬ ಎತ್ತು ಹಿಡಿದು ಬಂದಾಗ ಶಂಕ್ರಪ್ಪ ತಾನೇ ನೊಗ ಹೊತ್ತವನಂತೆ ಮುಖ ಇಳಿಬಿಟ್ಟುಕೊಂಡು ನಿಂತಿದ್ದ.

"ಹಂಡ್ಯಾನ ಕಾಲು ಉಳುಕೈತೋ ಕಾಸೀಮಾ."

"ಯಾವ ಕಾಲು?"

ಅದನ್ನು ಅವನಿನ್ನೂ ಯೋಚಿಸಿರಲಿಲ್ಲ. "ಹಿಂದಿನ... ಎಡಗಾಲು."

"ಅಯ್ಯ ಪಾಪ, ಮೂಕ ಜೀವ. ಬಿಡು, ಸಂಶಿಯಿಂದ ನಮ್ಮ ಭಾವನ ಎತ್ತು ತರಸ್ತೀನಿ," ಎಂದು ಕಾಸೀಮಸಾಬ ಓಣಿಯುದ್ದಕ್ಕೂ ಸುದ್ದಿ ಹೇಳುತ್ತ ಹೊರಟುಹೋದ.

ಶಂಕ್ರಪ್ಪ ಬಿಳಿ ಅಂಗಿ ತೊಟ್ಟು ಹೊರಬಿದ್ದರೆ, ಬಾಜು ಮನೆಯ ಸಣ್ಣವ್ವ ಕೆಂಡದ ಅಗ್ಗಿಷ್ಟಿಗೆ, ಎಣ್ಣೆ, ಅರಿವೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವಳ ಹಿಂದೆ ಎದುರುಮನೆಯ ಗಂಗಪ್ಪ. ಅವನ ಹಿಂದೆ ಅರ್ಧ ಓಣಿ.

"ಎತ್ತಿಗೆ ಆರಾಮಿಲ್ಲ, ನೀ ಅಂಗಿ ಹಾಕ್ಕೊಂಡು ಎಲ್ಲಿ ಹೊಂಟೀಪಾ?" ಎಂದ ಗಂಗಪ್ಪ.

"ಎಲ್ಲಿಲ್ಲೋ. ದವಾ ತರಾಕ..."

"ದವಾ ಯಾಕ? ಎಲುಬು ಮುರದೈತಿ. ಬಿದಿರ ಕಟ್ರಿ."

"ಎಲುಬು ಮುರದ್ರ ಹಿಂಗ ನಿಂದರತಿತ್ತೇನಣ್ಣಾ? ಮಾಂಸ ಹಿಡದೈತಿ," ಎನ್ನುತ್ತ ಸಣ್ಣವ್ವ ಕಾದ ಅರಿವೆಯನ್ನು ಎಡಗಾಲಿಗೆ ಒತ್ತಿದಳು. ಹಂಡ್ಯಾ ಕಾಲೆತ್ತಿ ಝಾಡಿಸಿದ ರಭಸಕ್ಕೆ ಅಗ್ಗಿಷ್ಟಿಗೆ ಅಂಗಳದ ನಡುವೆ ಹೋಗಿ ಬೋರಲು ಬಿತ್ತು.

"ನೋಡ್ರಿ, ಅದೇ ಕಾಲು!" ಎಂದು ಓಣಿಯೆಲ್ಲ ಒಪ್ಪಿತು.

ಆಗ ಒಂಬತ್ತನೇ ಇಯತ್ತೆ ಓದುವ ಶಂಕ್ರಪ್ಪನ ಮಗಳು ಸೌಂದರ್ಯಾ ವಿಜ್ಞಾನದ ಪುಸ್ತಕ ಬಗಲಲ್ಲಿಟ್ಟುಕೊಂಡು ಬಂದಳು. "ಎಲುಬಲ್ಲ, ಮಾಂಸಲ್ಲ. ಎಲುಬಿಗೆ ಎಲುಬು ಕಟ್ಟೋ ಹಗ್ಗ ಇರತೈತಿ, ಅಸ್ಥಿರಜ್ಜು. ಅದು ಸಂಯೋಜಕ ಅಂಗಾಂಶ."

"ಕನ್ನಡದಾಗ ಹೇಳವ್ವಾ," ಎಂದ ಗಂಗಪ್ಪ.

"ಕೇಳ ಕಾಕಾ. ತೊಗಲಿನ್ಯಾಗ ಜೀವಕೋಶ ಸಂತಿ ಬಸ್ಸಿನ ಮಂದಿಗತೆ ಒತ್ತೊತ್ತಿ ಇರತಾವು. ಮಾಂಸ ಅಂದ್ರ ಉದ್ದುದ್ದ ಎಳಿ, ಎಳಿಯೂದು ಬಿಡೂದು ಅದರ ಕೆಲಸ. ನರ ಸುದ್ದಿ ಒಯ್ತಾವು. ಸಂಯೋಜಕದ್ದು ಹಂಗಲ್ಲ, ನಮ್ಮ ಎರಿ ಹೊಲ ಇದ್ದಂಗ. ಅಲ್ಲೊಂದು ಬನ್ನಿಗಿಡ, ಇಲ್ಲೊಂದು ಜಾಲಿಗಿಡ, ನಡುವ ಎಲ್ಲಾ ಮಣ್ಣು. ಜೀವಕೋಶ ದೂರದೂರ, ನಡುವ ಇರೂದೇ ಜಾಸ್ತಿ. ಆ ನಡುವಿಂದು ಎಲುಬಿನ್ಯಾಗ ಗಟ್ಟಿ, ರಕ್ತದಾಗ ನೀರು, ಈ ಹಗ್ಗದಾಗ ನಾರು."

"ಯವ್ವಾ, ಎಲುಬೂ ರಕ್ತಾನೂ ಅಣ್ಣತಮ್ಮರೇನ?" ಸಣ್ಣವ್ವ ಬಾಯಿಯ ಮೇಲೆ ಕೈಯಿಟ್ಟಳು.

"ಅಣ್ಣತಮ್ಮರು ಒಂದೇ ನಮೂನಿ ಇರಬೇಕಂತ ಎಲ್ಲೈತಿ? ನನ್ನೂ ನಮ್ಮಣ್ಣನ್ನೂ ನೋಡು," ಎಂದ ಗಂಗಪ್ಪ.

ಸೌಂದರ್ಯಾ ಪುಸ್ತಕ ಮುಚ್ಚಿದಳು. "ಮಾಂಸಕ್ಕ ರಕ್ತ ಭಾಳ, ಲಗೂ ಆರತೈತಿ. ಈ ಹಗ್ಗಕ್ಕ ರಕ್ತ ಕಮ್ಮಿ. ಮೂರು ವಾರ ನೊಗ ಹೊರಸಬಾರದು."

ಶಂಕ್ರಪ್ಪ ಬೆರಳು ಮಡಿಸಿ ಎಣಿಸಿದ. ಹದ ನಾಲ್ಕು ದಿನ, ಉಳಿದದ್ದು ಎರಡು ಎಕರೆ. "ಮಾಂಸ ಇದ್ದೀತು ನೋಡವ್ವಾ. ಪುಸ್ತಕ ಇನ್ನೊಮ್ಮೆ ತಗದು ನೋಡು," ಎಂದು ಗೋಗರೆದ. ಕೇಳುವವರು ಯಾರು? ಬಾಣಂತಿಯನ್ನು ನೋಡಲು ಬಂದಂತೆ ಮಂದಿ ಸಂಜೆಯತನಕ ಬಂದರು, ಹೋದರು, ಚಹಾ ಕುಡಿದರು. ಹಂಡ್ಯಾ ಹಿಂಡಿ ತಿಂದು ಮೆಲುಕು ಹಾಕಿದ. ಬಿಳಿ ಅಂಗಿಗೆ ಸಗಣಿ ಹತ್ತಿತು. ಕುಸ್ತಿ ಅತ್ತಲಾಗೇ ಉಳಿಯಿತು.

ದೀಪ ಹಚ್ಚುವ ಹೊತ್ತಿಗೆ ಕಾಸೀಮಸಾಬ ಭಾವ ಅಲ್ಲಾಭಕ್ಷನ ಜೋಡಿ ಬಂದ. ಬಾಗಿಲಲ್ಲಿ ಟೆಂಪೋ, ಅದರೊಳಗೆ ಭಾವನ ಎತ್ತು. "ಬಿತ್ತಿಗಿ ಮುಗೀತೋ. ಪಾಪ, ನಮ್ಮ ಭಾವ ಕುಸ್ತಿ ಬಿಟ್ಟು ಎತ್ತು ತಂದಾನ."

ಶಂಕ್ರಪ್ಪನಿಗೆ ಮುಖ ಎತ್ತಲಾಗಲಿಲ್ಲ. ಆದರೂ ಎರಡು ಎಕರೆ ಕಣ್ಣ ಮುಂದೆ ಬಂತು. "ಹಂಡ್ಯಾಗ ಆರಾಮಾತು, ನೋಡಿಲ್ಲೆ!" ಎಂದು ಹಗ್ಗ ಬಿಚ್ಚಿ ಅಂಗಳದಲ್ಲಿ ಓಡಿಸಿದ. ದಿನವಿಡೀ ಎಣ್ಣೆ ತಿಕ್ಕಿಸಿಕೊಂಡ ಹಂಡ್ಯಾ ಕರುವಿನಂತೆ ಕುಣಿದು ಓಡಿದ. ಹಿಂದೆ ಓಡಿದ ಶಂಕ್ರಪ್ಪನ ಕಾಲು ಬೋರಲು ಬಿದ್ದ ಅಗ್ಗಿಷ್ಟಿಗೆಗೆ ತಾಗಿ ತಿರುಚಿತು. "ಅಯ್ಯಯ್ಯೋ!" ಎಂದು ಕುಕ್ಕರಿಸಿದ.

ಸೌಂದರ್ಯಾ ಹಿಮ್ಮಡದ ಬದಿ ಒತ್ತಿ ನೋಡಿದಳು. "ಯಪ್ಪಾ, ಇದು ಖರೇನ ಅಸ್ಥಿರಜ್ಜು."

ಆ 'ಖರೇನ' ಕೇಳಿ ಮಂದಿಯೆಲ್ಲ ಹಂಡ್ಯಾನ ಎಡಗಾಲಿನತ್ತ ತಿರುಗಿದರು. ಕಾಸೀಮಸಾಬ ಮೊದಲು ಎತ್ತನ್ನು, ಆಮೇಲೆ ಬಿಳಿ ಅಂಗಿಯನ್ನು ನೋಡಿದ.

"ಸಂಶಿಗೆ ಹೊಂಟಿದ್ದೇನಲೇ?"

ಶಂಕ್ರಪ್ಪ ಕಾಲು ಹಿಡಿದುಕೊಂಡು ಹೌದೆಂದು ತಲೆಯಾಡಿಸಿದ. ಕಾಸೀಮಸಾಬ ನಕ್ಕ ನಗೆಗೆ ಎತ್ತು ಮೇವು ತಿನ್ನುವ ಗ್ವಾದಲಿಯ ಗುಬ್ಬಿಗಳು ಹಾರಿದವು.

"ಆತು. ನಿನ್ನ ಎರಡು ಎಕರೆ ನಾಡದು ನಾನೇ ಬಿತ್ತತೀನಿ, ನೀ ಮೂರು ವಾರ ಮಕ್ಕೋ. ಆದ್ರ ಇವತ್ತಿನ ಮುಯ್ಯಿ ನಮ್ಮ ಭಾವಂದು. ನಾಳಿ ಹಂಡ್ಯಾ ಅವನ ಹೊಲಕ್ಕ ಹೋಗಿ ತೀರಸ್ತಾನ."

ಅಲ್ಲಾಭಕ್ಷ ಹಂಡ್ಯಾನನ್ನು ಟೆಂಪೋ ಹತ್ತಿಸುತ್ತ ಸಮಾಧಾನ ಹೇಳಿದ: "ಚಿಂತಿ ಮಾಡಬ್ಯಾಡ್ರಿ ಶಂಕ್ರಪ್ಪಣ್ಣಾ, ಛಲೋ ನೋಡ್ಕೋತೀನಿ. ನಾಳಿ ಸಂಜೀಕ ಕುಸ್ತಿ ಕಡೀ ಜೋಡಿ ಐತಿ. ಕಣದ ಬಾಜೂಕೇ ಕಟ್ಟತೀನಿ."

ಸಣ್ಣವ್ವ ಮತ್ತೆ ಅರಿವೆ ಕಾಯಿಸತೊಡಗಿದಳು. ಟೆಂಪೋ ಸಂಶಿಯ ದಾರಿ ಹಿಡಿಯಿತು. ಹಿಂದಿನ ಹಲಗೆಯ ಮೇಲೆ ಗದ್ದವೂರಿ ಹಂಡ್ಯಾ ಒಡೆಯನನ್ನು ನೋಡುತ್ತ ಸಾವಕಾಶ ಮೆಲುಕು ಹಾಕುತ್ತಿದ್ದ.